ಸ್ವಂತ ಕೆಲಸ

ಎಂಟನೆಯ ತರಗತಿಯ ಮಕ್ಕಳಿಗೆ ರಜೆಯ ಅರ್ಜಿ ಬರೆಯುವುದನ್ನು ಮೂವತ್ತು ವರ್ಷಗಳಿಂದ ಕಲಿಸುತ್ತ ಬಂದಿದ್ದೇನೆ. ಇವರಿಂದ, ಇವರಿಗೆ, ಮಾನ್ಯರೆ, ವಿಷಯ. ಅದಾದ ಮೇಲೆ ಕಾರಣ. ಕಾರಣದ ಜಾಗದಲ್ಲಿ ಯಾರಾದರೂ 'ಅನಿವಾರ್ಯ ಕಾರಣಗಳಿಂದ' ಎಂದು ಬರೆದರೆ ಅದರ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದು 'ಯಾವುವು?' ಎಂದು ಬರೆಯುತ್ತೇನೆ. ಜ್ವರ ಬಂದಿದ್ದರೆ ಜ್ವರ ಅನ್ನಿ, ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವುದಿದ್ದರೆ ಹಾಗೇ ಬರೆಯಿರಿ, ನಾಚಿಕೆ ಯಾಕೆ ಎಂದು ಹೇಳುತ್ತೇನೆ. ಹೀಗೆ ಹೇಳುವ ನಾನೇ 2023ರ ಜುಲೈ ತಿಂಗಳಲ್ಲಿ ಮೂರು ದಿನದ ಸಿ.ಎಲ್. ಕೇಳಿ ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟ ಚೀಟಿಯಲ್ಲಿ 'ಸ್ವಂತ ಕೆಲಸದ ನಿಮಿತ್ತ' ಎಂಬ ಮೂರು ಮಾತು ಮಾತ್ರ ಇದ್ದವು. ಅವರು ಓದದೆಯೇ ಸಹಿ ಮಾಡಿದರು. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ, ಬೆಂಗಳೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಎಂದೆ.

ನಾನು ಹೋಗಿದ್ದು ಮೊಲೆಯ ಪರೀಕ್ಷೆಗೆ. ಈ ಶಬ್ದ ಬರೆಯುವಾಗ ಈಗಲೂ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವವಳು ನಾನು. ಹಳಗನ್ನಡ ಕಾವ್ಯಗಳಲ್ಲಿ ಈ ಶಬ್ದ ಯಾವ ಸಂಕೋಚವೂ ಇಲ್ಲದೆ ಓಡಾಡುತ್ತದೆ. ಕೂಸಿಗೆ ಹಾಲು ಕುಡಿಸುವ ಬಾಣಂತಿಯ ಬಾಯಲ್ಲೂ ಸರಾಗವಾಗಿ ಬರುತ್ತದೆ. ರೋಗದ ಮಾತು ಬಂದೊಡನೆ ಮಾತ್ರ ಅದು 'ಎದೆ'ಯಾಗುತ್ತದೆ. ಪೇಟೆಗೆ ಹೋದರೆ 'ಬ್ರೆಸ್ಟ್' ಆಗುತ್ತದೆ. ಎದೆಯೊಳಗೆ ಏನೋ ಆಗಿದೆ ಎಂದು ಹೇಳಿ, ಇ.ಸಿ.ಜಿ. ತೆಗೆಸಿಕೊಂಡು ಮನೆಗೆ ಮರಳಿದ ಹೆಂಗಸರನ್ನು ನಾನು ಬಲ್ಲೆ.

ನಮ್ಮ ಅತ್ತೆಯವರು ಅಷ್ಟನ್ನೂ ಹೇಳಲಿಲ್ಲ. 1996ರ ಮಾತು. ನಾದಿನಿಯ ಲಗ್ನ ಮುಗಿದು ಹದಿನೈದು ದಿನಕ್ಕೆ, ಅವರ ಸೆರಗಿನಿಂದ ಏನೋ ವಾಸನೆ ಬರುತ್ತಿದೆ ಎಂದು ನನಗೆ ಅನ್ನಿಸಿತು. ಬೆನ್ನು ತಿಕ್ಕುವ ನೆವದಲ್ಲಿ ಬಚ್ಚಲಿಗೆ ಹೋದೆ. ಎಡಮೊಲೆ ಒಡೆದು ಹುಣ್ಣಾಗಿತ್ತು. ಹಳೆಯ ಧೋತರದ ಅರಿವೆಯನ್ನು ಮಡಿಸಿ ಇಟ್ಟು, ಮೇಲೆ ಕುಪ್ಪಸ ತೊಟ್ಟು, ಒಂದೂವರೆ ವರ್ಷ ನಮ್ಮೆಲ್ಲರಿಗೂ ರೊಟ್ಟಿ ಬಡಿದು ಹಾಕಿದ್ದರು. ಯಾಕೆ ಹೇಳಲಿಲ್ಲ ಎಂದು ನಾನು ಅತ್ತು ಜಗಳವಾಡಿದಾಗ ಅವರೆಂದದ್ದು ಇಷ್ಟು: "ಹೇಳಿದ್ರ ಏನ್ ಮಾಡ್ತಿದ್ರಿ? ಹುಡುಗಿ ಲಗ್ನ ಮುರದು ಬೀಳ್ತಿತ್ತು."

ಹುಬ್ಬಳ್ಳಿಯ ಡಾಕ್ಟರರು ಕೈ ತೊಳೆದುಕೊಂಡು ನಮ್ಮ ಮನೆಯವರನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡಿದರು. ಮುಂದೆ ಏಳು ತಿಂಗಳು. ಅಷ್ಟೆ.

ಅಂದಿನಿಂದ ಇಂದಿನವರೆಗೆ ಅತ್ತೆಯವರ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಾಯಂದಿರ ಸಭೆಯಲ್ಲಿ, ಮಹಿಳಾ ದಿನಾಚರಣೆಯಲ್ಲಿ, ಹೆಣ್ಣುಮಕ್ಕಳನ್ನು ಕೂಡ್ರಿಸಿಕೊಂಡು ಮಾತಾಡುವಾಗ, ಎಲ್ಲ ಕಡೆಗೂ. ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದೆ. ಅದು ಅಜ್ಞಾನವಾಗಿರಲಿಲ್ಲ ಎಂಬುದು ನನಗೆ ತಿಳಿಯಲು ನನ್ನದೇ ಸರದಿ ಬರಬೇಕಾಯಿತು.

2023ರ ಜನವರಿಯಲ್ಲಿ ತಾಲೂಕು ಕೇಂದ್ರದಲ್ಲಿ ಒಂದು ತಪಾಸಣಾ ಶಿಬಿರ ನಡೆಯಿತು. ನಾಲ್ವರು ಶಿಕ್ಷಕಿಯರು ಒಟ್ಟಿಗೆ ಹೋಗಿ ಮ್ಯಾಮೋಗ್ರಾಂ ಮಾಡಿಸಿಕೊಂಡೆವು. ಉಳಿದ ಮೂವರಿಗೆ ಏನೂ ಇಲ್ಲ ಎಂದಾಯಿತು. ನನ್ನ ವರದಿಯಲ್ಲಿ ಬಲಗಡೆ ಒಂದು ನೆರಳಿನ ಹಾಗಿದೆ, ಆದರೆ ದಟ್ಟವಾದ ಮೊಲೆಯಾದ್ದರಿಂದ ಸ್ಪಷ್ಟವಿಲ್ಲ, ಮುಂದಿನ ಪರೀಕ್ಷೆ ಅಗತ್ಯ ಎಂದಿತ್ತು. ದಟ್ಟ ಎಂದರೆ ಏನು ಎಂದು ಅಲ್ಲಿದ್ದ ಹುಡುಗಿ ಡಾಕ್ಟರು ತಿಳಿಸಿಕೊಟ್ಟಳು. ಎಕ್ಸ್‌ರೇ ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿಗಳ ಅಂಗಾಂಶ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಕೆಲವರಿಗೆ ಆ ಬಿಳಿ ಅಂಶವೇ ಹೆಚ್ಚು. ಹತ್ತಿಯ ರಾಶಿಯಲ್ಲಿ ಬಿಳಿ ನೂಲಿನ ಉಂಡೆ ಹುಡುಕಿದ ಹಾಗೆ. ಇದು ರೋಗವಲ್ಲ, ಲಕ್ಷಾಂತರ ಹೆಂಗಸರ ಮೈಯ ಸಹಜ ರೀತಿ. ಆದರೆ ಅಂಥವರಿಗೆ ರೋಗದ ಸಂಭವವೂ ತುಸು ಹೆಚ್ಚು, ಚಿತ್ರದಲ್ಲಿ ಅದು ತಪ್ಪಿಸಿಕೊಳ್ಳುವ ಸಂಭವವೂ ಹೆಚ್ಚು. ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ, ಮ್ಯಾಮೋಗ್ರಾಂ ಮಾಡಿಸಿಕೊಂಡ ಪ್ರತಿಯೊಬ್ಬಳಿಗೂ ನಿನ್ನದು ದಟ್ಟವೋ ಅಲ್ಲವೋ ಎಂಬುದನ್ನು ತಿಳಿಸಲೇಬೇಕು ಎಂದು ನಿಯಮವಾಗಿದೆ. ನನಗೆ ನಿಯಮವಿಲ್ಲದೆಯೇ ಆ ಹುಡುಗಿ ತಿಳಿಸಿದಳು. ಬೆಂಗಳೂರಿಗೆ ಹೋಗಿ ಕಾಂಟ್ರಾಸ್ಟ್ ಮ್ಯಾಮೋಗ್ರಾಂ ಮಾಡಿಸಿಕೊಳ್ಳಿ ಮೇಡಂ, ತಡ ಮಾಡಬೇಡಿ ಎಂದು ಚೀಟಿಯನ್ನೂ ಬರೆದುಕೊಟ್ಟಳು.

ಆ ಚೀಟಿಯನ್ನು ನಾನು ಹಾಜರಿ ಪುಸ್ತಕದ ರಟ್ಟಿನೊಳಗೆ ಆರು ತಿಂಗಳು ಇಟ್ಟುಕೊಂಡೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ, ಆಮೇಲೆ ಮೌಲ್ಯಮಾಪನ, ನಡುವೆ ಚುನಾವಣೆಯ ಡ್ಯೂಟಿ, ಆಮೇಲೆ ಶಾಲೆ ಶುರು. ಕಾರಣಗಳಿಗೇನು ಬರ. ರಾತ್ರಿ ನಿದ್ದೆ ಬಾರದಾಗ ಇನ್ನೂ ಗಹನವಾದ ಕಾರಣಗಳು ಹೊಳೆಯುತ್ತಿದ್ದವು. ನನ್ನ ಮೈ ನನ್ನದು; ಅದರೊಳಗಿರುವುದನ್ನು ತಿಳಿಯುವ ಹಕ್ಕು ನನಗಿದ್ದರೆ ತಿಳಿಯದೆ ಇರುವ ಹಕ್ಕೂ ಇರಬೇಕಲ್ಲ? ನೋವಿಲ್ಲ, ಕೈಗೆ ಗಂಟು ಹತ್ತುವುದಿಲ್ಲ. ಇಲ್ಲದ ದುಃಖವನ್ನು ಹಣ ಕೊಟ್ಟು ಯಾಕೆ ತರಬೇಕು? ಮನುಷ್ಯ ತನ್ನ ಸಾವಿನ ದಿನ ತಿಳಿಯದೆ ಇರುವುದರಿಂದಲೇ ಅಲ್ಲವೆ ಬಿತ್ತುವುದು, ಮನೆ ಕಟ್ಟುವುದು? ಹೀಗೆ ತತ್ವಜ್ಞಾನ ಬೆಳೆಯುತ್ತಿತ್ತು. ಈಗ ಯೋಚಿಸಿದರೆ ಅದರಲ್ಲಿ ತತ್ವ ಕಡಿಮೆ ಇತ್ತು, ಹೆದರಿಕೆ ಹೆಚ್ಚಿತ್ತು. ಆದರೂ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಮತ್ತೆ ಬರುತ್ತೇನೆ.

ಕೊನೆಗೆ ಮಗಳು ಫೋನಿನಲ್ಲಿ ಬೈದು ಕರೆಸಿಕೊಂಡಳು. ಮೊದಲು ಮೂತ್ರಪಿಂಡ ಸರಿಯಾಗಿದೆಯೇ ಎಂದು ರಕ್ತಪರೀಕ್ಷೆ. ಔಷಧಿ ಒಗ್ಗದೆ ಇರುವ ತೊಂದರೆ ಹಿಂದೆ ಆಗಿತ್ತೇ, ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗಳು. ಆಮೇಲೆ ತೋಳಿನ ನರಕ್ಕೆ ಸೂಜಿ ಚುಚ್ಚಿ ಅಯೋಡಿನ್ ಬೆರೆತ ದ್ರವವನ್ನು ಬಿಟ್ಟರು. ಮೈಯೆಲ್ಲ ಬಿಸಿಯಾಯಿತು, ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ರುಚಿ. ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ ಎಂದರು. ಆ ಎರಡು ನಿಮಿಷದಲ್ಲಿ ನನಗೆ ನೆನಪಾದದ್ದು ನಮ್ಮ ವಿಜ್ಞಾನ ಮಾಸ್ತರರು ಪಕ್ಕದ ಕೋಣೆಯಲ್ಲಿ ಪ್ರತಿವರ್ಷ ಮಾಡಿ ತೋರಿಸುವ ಪ್ರಯೋಗ: ಹೆಚ್ಚಿದ ಬಟಾಟೆಯ ಮೇಲೆ ಒಂದು ಹನಿ ಅಯೋಡಿನ್ ಬಿದ್ದರೆ ಕಡುನೀಲಿ. ಪಿಷ್ಟ ಇದೆ ಎಂದು ಬಟಾಟೆ ಒಪ್ಪಿಕೊಂಡುಬಿಡುತ್ತದೆ. ಮಕ್ಕಳು ಹೋ ಎನ್ನುತ್ತಾರೆ.

ಇಲ್ಲಿ ಅಯೋಡಿನ್ ಮಾಡುವುದು ಬೇರೆ ಕೆಲಸ. ಕ್ಯಾನ್ಸರ್ ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಅದು ತಾನೇ ಎಳೆದುಕೊಳ್ಳುತ್ತದೆ ಎಂದು ಅಮೆರಿಕದ ಜುಡಾ ಫೋಕ್‌ಮನ್ ಎಂಬ ಶಸ್ತ್ರವೈದ್ಯರು 1971ರಲ್ಲಿ ಹೇಳಿದ್ದರು. ಅವಸರದಲ್ಲಿ ಕಟ್ಟಿದ ನಾಳಗಳಾದ್ದರಿಂದ ಅವು ಸೋರುತ್ತವೆ. ಸೋರಿದಲ್ಲಿ ಅಯೋಡಿನ್ ನಿಲ್ಲುತ್ತದೆ. ಮೊಲೆಯನ್ನು ಫಲಕಗಳ ನಡುವೆ ಪೂರಿ ಒತ್ತಿದ ಹಾಗೆ ಒತ್ತಿ ಹಿಡಿದು, ಒಂದೇ ಸಲಕ್ಕೆ ಎರಡು ಚಿತ್ರ ತೆಗೆಯುತ್ತಾರೆ, ಒಂದು ಕಡಿಮೆ ಶಕ್ತಿಯ ಎಕ್ಸ್‌ರೇಯಲ್ಲಿ, ಇನ್ನೊಂದು ಹೆಚ್ಚಿನ ಶಕ್ತಿಯದರಲ್ಲಿ. 33 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿದೊಡನೆ ಅಯೋಡಿನ್ ಎಕ್ಸ್‌ರೇಯನ್ನು ಥಟ್ಟನೆ ಹೆಚ್ಚು ಹೀರತೊಡಗುತ್ತದೆ. ಮೈಯ ಮಾಂಸ ಹಾಗೆ ಮಾಡುವುದಿಲ್ಲ. ಕಂಪ್ಯೂಟರು ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯುತ್ತದೆ. ಹತ್ತಿಯ ರಾಶಿಯೆಲ್ಲ ಮಾಯವಾಗಿ, ಅಯೋಡಿನ್ ನಿಂತ ಕಡೆ ಮಾತ್ರ ಬೆಳಕು ಉಳಿಯುತ್ತದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ನಾನು ಬಿ.ಎ. ಓದಿದವಳು, ಟೆಕ್ನಿಶಿಯನ್ ಹುಡುಗಿಗೆ ಎರಡು ಸಲ ಹೇಳಿಸಿಕೊಂಡು ಇಷ್ಟು ತಿಳಿದುಕೊಂಡೆ.

ಇತಿಹಾಸ ಕಲಿಸುವ ಚಟದಿಂದ, ಈ ನೋಟಕ್ಕೆ ಮೊದಲ ಮನುಷ್ಯ ಯಾರು ಎಂದು ಆಮೇಲೆ ಹುಡುಕಿ ಓದಿದೆ. ಬರ್ಲಿನ್ನಿನ ಆಲ್ಬರ್ಟ್ ಸಾಲೊಮನ್ ಎಂಬ ಶಸ್ತ್ರವೈದ್ಯರು. ಕೊಯ್ದು ತೆಗೆದ ಮೂರು ಸಾವಿರಕ್ಕೂ ಹೆಚ್ಚು ಮೊಲೆಗಳನ್ನು ಎಕ್ಸ್‌ರೇಯಲ್ಲಿ ನೋಡಿ 1913ರಲ್ಲಿ ಅವರು ಪ್ರಕಟಿಸಿದ್ದರು. ಮೂರು ಸಾವಿರ ಹೆಂಗಸರು. ಯಾರ ಹೆಸರೂ ಇಲ್ಲ. ಸಾಲೊಮನ್ ಯಹೂದಿ, ನಾಜಿಗಳು ಬಂದ ಮೇಲೆ ಹುದ್ದೆ ಹೋಯಿತು, ಸೆರೆವಾಸವಾಯಿತು, ದೇಶ ಬಿಡಬೇಕಾಯಿತು. ಚಿತ್ರಕಲಾವಿದೆಯಾಗಿದ್ದ ಅವರ ಮಗಳು ಶಾರ್ಲೊಟ್ಟೆಯನ್ನು 1943ರಲ್ಲಿ ಔಷ್ವಿಟ್ಸ್‌ನಲ್ಲಿ ಕೊಂದರು. ನಾಜಿಗಳ ಪಾಠವನ್ನು ಪ್ರತಿವರ್ಷ ಮಾಡುವ ನನಗೆ ಇದು ಗೊತ್ತಿರಲಿಲ್ಲ. ಇರಲಿ, ನಾನು ಹೇಳಹೊರಟಿದ್ದು ಬೇರೆ.

ನನ್ನ ಚಿತ್ರದಲ್ಲಿ ವಿಚಿತ್ರವಾಯಿತು. ಶಿಬಿರದಲ್ಲಿ ಕಂಡಿದ್ದ ಬಲಗಡೆಯ ನೆರಳು ಮಾಯವಾಯಿತು. ಅದು ಬರೀ ಅಂಗಾಂಶದ ಮಡಿಕೆ. ಆರು ತಿಂಗಳು ನಾನು ಹೆದರಿದ್ದು ಅದಕ್ಕೆ. ಆದರೆ ಯಾರೂ ಮಾತಾಡದೆ ಇದ್ದ ಎಡಗಡೆಯಲ್ಲಿ ಅವರೆಬೀಜದಷ್ಟು ಜಾಗ ಹೊಳೆಯುತ್ತಿತ್ತು. ಅತ್ತೆಯವರದೂ ಎಡಗಡೆಯೇ. ಹೆತ್ತ ತಾಯಿಯಲ್ಲ, ಅವರ ರಕ್ತ ನನ್ನಲ್ಲಿಲ್ಲ, ಆದರೆ ಆ ಹೊತ್ತಿನಲ್ಲಿ ಅಂಥ ವಿವೇಕ ಎಲ್ಲಿಂದ ಬರಬೇಕು. ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ ತುಣುಕು ತೆಗೆದರು. ವರದಿಗೆ ಒಂಬತ್ತು ದಿನ. ರಜೆ ಮುಗಿದು ಊರಿಗೆ ಬಂದೆ, ಗೃಹಪ್ರವೇಶ ಹೇಗಾಯಿತು ಎಂದವರಿಗೆ ಚೆನ್ನಾಗಾಯಿತು ಎಂದೆ, ಹತ್ತನೆಯವರಿಗೆ ಸಂಧಿ ಪ್ರಕರಣ ಮುಗಿಸಿದೆ. ಒಂಬತ್ತನೆಯ ದಿನ ಮಗಳ ಫೋನು. ಫೈಬ್ರೊಅಡಿನೋಮ, ನಿರಪಾಯದ ಗಂಟು. ರಕ್ತ ಹೆಚ್ಚು ಹರಿಯುವ ಕಡೆಯೆಲ್ಲ ಅಯೋಡಿನ್ ಹೊಳೆಯುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ.

ಹಾಗಾದರೆ ಆ ಒಂಬತ್ತು ದಿನಗಳನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಇದು ನನ್ನೊಬ್ಬಳ ಪ್ರಶ್ನೆಯಲ್ಲ. ಬ್ರಿಟನ್ನಿನಲ್ಲಿ, ದಟ್ಟವಾದ ಮೊಲೆಯಿದ್ದು ಸಾಮಾನ್ಯ ಮ್ಯಾಮೋಗ್ರಾಂನಲ್ಲಿ ಏನೂ ಇಲ್ಲ ಎನ್ನಿಸಿಕೊಂಡ 9,361 ಹೆಂಗಸರನ್ನು ಸೇರಿಸಿಕೊಂಡು ನಡೆದ ಒಂದು ಅಧ್ಯಯನ 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಕಾಂಟ್ರಾಸ್ಟ್ ಮ್ಯಾಮೋಗ್ರಾಂ ಮಾಡಿಸಿಕೊಂಡವರಲ್ಲಿ ಸಾವಿರಕ್ಕೆ 19 ಮಂದಿಗೆ ಕ್ಯಾನ್ಸರ್ ಸಿಕ್ಕಿತು; ಚುಟುಕಾದ ಎಂ.ಆರ್.ಐ.ನಲ್ಲಿ ಸಾವಿರಕ್ಕೆ 17, ಅಲ್ಟ್ರಾಸೌಂಡಿನಲ್ಲಿ 4. ಇವರೆಲ್ಲ ಏನೂ ಇಲ್ಲ ಎಂಬ ಕಾಗದ ಹಿಡಿದು ಮನೆಗೆ ಹೋಗಬಹುದಾಗಿದ್ದವರು. ಸಣ್ಣ ಮಾತಲ್ಲ ಅದು. ಆದರೆ ಸಿಕ್ಕವರಲ್ಲಿ ಎಷ್ಟು ಮಂದಿಯ ಜೀವ ಇದರಿಂದಲೇ ಉಳಿಯಿತು, ಎಷ್ಟು ಮಂದಿಯ ಗಡ್ಡೆ ಬದುಕಿನುದ್ದಕ್ಕೂ ಉಪದ್ರವ ಮಾಡದೆ ಸುಮ್ಮನೆ ಇರುತ್ತಿತ್ತು ಎಂದು ಆ ಅಧ್ಯಯನ ಹೇಳುವುದಿಲ್ಲ. ಅದಕ್ಕೆ ಇನ್ನೂ ಎಷ್ಟೋ ವರ್ಷ ಕಾಯಬೇಕು. ಹೆಚ್ಚು ಕಾಣುವುದು ಬೇರೆ, ಹೆಚ್ಚು ತಿಳಿಯುವುದು ಬೇರೆ. ತಿಳಿಯದಿರುವ ಹಕ್ಕು ಎಂದು ನಾನು ರಾತ್ರಿ ಕಟ್ಟುತ್ತಿದ್ದ ತರ್ಕಕ್ಕೆ ಇಲ್ಲಿ ತಕ್ಕಮಟ್ಟಿನ ಬಲವಿದೆ ಎಂದೇ ಈಗಲೂ ನನ್ನ ಅನಿಸಿಕೆ. ಒಬ್ಬಳು ಎಲ್ಲವನ್ನೂ ಕೇಳಿ ತಿಳಿದು, ನನಗೆ ಬೇಡ ಎಂದರೆ ಅವಳನ್ನು ಅಜ್ಞಾನಿ ಎನ್ನಲು ನಾನು ಒಪ್ಪುವುದಿಲ್ಲ. ಆದರೆ ಈ ತರ್ಕ ಮಾಡುತ್ತಿದ್ದಾಗ ನನ್ನ ಲೆಕ್ಕದಲ್ಲಿ ಇದ್ದವಳು ನಾನೊಬ್ಬಳೇ. ತಪ್ಪು ಅಲ್ಲಿತ್ತು.

ಆ ವರ್ಷ ದೀಪಾವಳಿ ಮುಗಿದು ಶಾಲೆಗೆ ಬಂದ ದಿನ, ಬಿಸಿಯೂಟದ ಅಡುಗೆ ಮಾಡುವಾಕೆ ನನ್ನನ್ನು ಅಡುಗೆ ಕೋಣೆಯ ಹಿಂದೆ ಕರೆದಳು. (ಹೆಸರು ಬರೆಯುವುದಿಲ್ಲ. ಇದನ್ನು ಬರೆಯಲೇ ಎಂದು ಕೇಳಿದಾಗ "ಸುದ್ದಿ ಬರೀರಿ, ಹೆಸರ ಬ್ಯಾಡ್ರಿ" ಎಂದಳು.) ಸುತ್ತ ನೋಡಿ, ನನ್ನ ಕೈ ಹಿಡಿದು ಸೆರಗಿನೊಳಗೆ ಇಟ್ಟುಕೊಂಡಳು. ನನಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಸಣ್ಣ ಅಡಿಕೆಯಷ್ಟು ಗಟ್ಟಿ, ಒತ್ತಿದರೆ ಸರಿಯುವುದಿಲ್ಲ.

ಧೈರ್ಯ ಹೇಳಬೇಕಲ್ಲ. "ಹೆದರಬ್ಯಾಡ, ನನಗೂ ಹಿಂಗ ಆಗಿತ್ತು. ಬೆಂಗಳೂರಿಗೆ ಹೋಗಿ ತೋರಿಸಿ ಬಂದೆ. ಏನೂ ಇಲ್ಲಂದ್ರು" ಎಂದೆ.

ಆಕೆ ಕೈ ಬಿಟ್ಟಳು. "ಯಾವಾಗ್ರಿ ಅಕ್ಕೋರ?"

"ಜುಲೈದಾಗ."

"ಗೃಹಪ್ರವೇಶಕ್ಕ ಹೋಗಿದ್ರಲ್ಲರಿ, ಆವಾಗ?"

"ಹೂಂ."

ಆಕೆ ಸ್ವಲ್ಪ ಹೊತ್ತು ಒಲೆಯ ಕಡೆ ನೋಡಿದಳು. "ನನಗ ಇದು ಕಾರಹುಣ್ಣಿವಿ ಆದಮ್ಯಾಲ ಕೈಗೆ ಹತ್ತಿತ್ರಿ. ಯಾರಿಗಿ ಹೇಳ್ಬೇಕು ಅಂತ ತಿಳೀಲಿಲ್ಲ. ನಿಮಗ ಹೇಳೂಣು ಅಂದ್ಕೊಂಡೆ. ಶಾಣ್ಯಾ ಮಂದಿಗೆ ಇಂಥಾವೆಲ್ಲಾ ಆಗೂದಿಲ್ಲ, ಏನಂತಾರೋ ಅಂತ ಬಿಟ್ಟೆ."

ಕಾರಹುಣ್ಣಿಮೆ ಜೂನ್ ಮೊದಲ ವಾರ ಆಗಿತ್ತು. ದೀಪಾವಳಿ ನವೆಂಬರಿನಲ್ಲಿ. ಐದು ತಿಂಗಳು.

ಆಕೆಗೆ ಬೆಂಗಳೂರೂ ಬೇಕಾಗಲಿಲ್ಲ, ಅಯೋಡಿನ್ನೂ ಬೇಕಾಗಲಿಲ್ಲ. ನನ್ನ ಪರೀಕ್ಷೆಗೆ ತಗುಲಿದ ಹಣ ಆಕೆಯ ಎರಡು ತಿಂಗಳ ಗೌರವಧನಕ್ಕಿಂತ ಹೆಚ್ಚು. (ಸಂಬಳ ಎನ್ನುವುದಿಲ್ಲ ಅದಕ್ಕೆ, ಗೌರವಧನ. ಗೌರವ ಹೆಚ್ಚಾಗಿ, ಧನ ಕಡಿಮೆಯಾಗಿ ಇರುವಲ್ಲಿ ಈ ಶಬ್ದ ಬಳಸುವ ರೂಢಿ.) ಕೈಗೆ ಹತ್ತುವ ಗಂಟಿಗೆ ಕೈಯೇ ಸಾಕಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರ ಮತ್ತು ಅವರ ಜೊತೆಗಾರರು 1998ರಲ್ಲಿ ಅಲ್ಲಿನ ಕೊಳೆಗೇರಿಗಳ 1,51,538 ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಮೊಲೆ ಮುಟ್ಟಿ ಪರೀಕ್ಷೆ. ಮಾಡಿದವರು ಡಾಕ್ಟರರಲ್ಲ, ಮೆಟ್ರಿಕ್ ಓದಿ ತರಬೇತಿ ಪಡೆದ ಹೆಂಗಸರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಹೊರಬಂತು. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಐವತ್ತರೊಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾನು ಪಾಠ ಹೇಳಿ ಎಸ್ಸೆಸ್ಸೆಲ್ಸಿ ದಾಟಿಸಿದ ಹುಡುಗಿಯರು ಎಷ್ಟು ಮಂದಿ! ಅವರ ಕೈಗಳಿಂದ ಆಗುವ ಕೆಲಸ ಇದು. ಇಡೀ ಭಾರತದಲ್ಲಿ 2022ನೇ ಇಸವಿಯೊಂದರಲ್ಲೇ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಈ ರೋಗ ಬಂದಿತ್ತು, 98 ಸಾವಿರ ಮಂದಿ ತೀರಿಕೊಂಡಿದ್ದರು ಎಂಬ ಅಂದಾಜಿದೆ. ಅವರೊಳಗೆ ಧೋತರದ ಅರಿವೆ ಮಡಿಸಿಟ್ಟುಕೊಂಡವರು ಎಷ್ಟೋ.

ನಮ್ಮ ಅಡುಗೆಯಾಕೆಗೆ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಯುಷ್ಮಾನ್ ಕಾರ್ಡು ಇತ್ತು. ರೋಗ ಕಂಕುಳ ಗ್ರಂಥಿಗಳಿಗೂ ಇಳಿದಿತ್ತು. ಐದು ತಿಂಗಳು ಮೊದಲೇ ಬಂದಿದ್ದರೆ ಇಳಿದಿರುತ್ತಿರಲಿಲ್ಲವೇ ಎಂದು ನಾನು ಡಾಕ್ಟರರನ್ನು ಒಬ್ಬಳೇ ಹೋಗಿ ಕೇಳಿದೆ. "ಹಾಗೆ ಲೆಕ್ಕ ಹಾಕೋಕೆ ಬರೋದಿಲ್ಲ ಮೇಡಂ" ಎಂದರು. ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯಬಹುದು. ಆಕೆಯ ಮೈಯಿಂದ ಆ ಐದು ತಿಂಗಳನ್ನು ಕಳೆದು ನೋಡಲು ಯಾವ ಯಂತ್ರದಿಂದಲೂ ಆಗುವುದಿಲ್ಲ.

ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. ನಿನ್ನ ಮೈಯ ಸುದ್ದಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಕಾಗಿತ್ತೇ, ಆಕೆ ಹೇಳದೆ ಇದ್ದದ್ದು ನಿನ್ನ ತಪ್ಪು ಹೇಗೆ ಎನ್ನುತ್ತಾರೆ. ನ್ಯಾಯದ ಮಾತು. ಯಾವ ಕೋರ್ಟಿನಲ್ಲೂ ನಾನು ತಪ್ಪಿತಸ್ಥೆಯಲ್ಲ. ನನ್ನ ಮೈಯನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕನ್ನು ನಾನೂ ಬಿಟ್ಟುಕೊಡಲಾರೆ. ರೋಗಿಯ ಹೆಸರು ಊರೆಲ್ಲ ಸುತ್ತಿ, ಮಗಳ ಸಂಬಂಧ ತಪ್ಪಿಹೋದದ್ದನ್ನು ಕಂಡಿದ್ದೇನೆ. ಆದರೆ ಗುಟ್ಟು ಎಂಬುದು ಇಟ್ಟುಕೊಂಡವಳ ಹತ್ತಿರವೇ ಉಳಿಯುವ ವಸ್ತುವಲ್ಲ. ಓದಿದವಳು ಬಾಯಿಮುಚ್ಚಿಕೊಂಡರೆ, ಓದಿದವರಿಗೆ ಇದು ಆಗುವುದಿಲ್ಲ ಎಂಬ ಸುದ್ದಿ ತಾನಾಗಿ ಹರಡುತ್ತದೆ. ಸಭೆಯಲ್ಲಿ ಅತ್ತೆಯವರ ಕತೆ ಹೇಳುತ್ತಿದ್ದ ನಾನು ನನ್ನ ಕತೆಯ ಮೇಲೆ ಗೃಹಪ್ರವೇಶದ ತೋರಣ ಕಟ್ಟಿದೆ. ಅತ್ತೆಯವರಾದರೂ ಮಗಳ ಲಗ್ನಕ್ಕಾಗಿ ಮುಚ್ಚಿಟ್ಟರು, ಅದಕ್ಕೆ ಬೆಲೆ ತಾವೇ ತೆತ್ತರು. ನಾನು ಮುಚ್ಚಿಟ್ಟದ್ದು ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಸೆರಗಿನ ಕಡೆ ನೋಡಬಾರದು ಎಂದು. ಬೆಲೆ ಯಾರು ತೆತ್ತರೋ, ತೆತ್ತರೋ ಇಲ್ಲವೋ, ಅದೂ ತಿಳಿಯುವುದಿಲ್ಲ.

ಆಕೆ ಅಂದು ನನ್ನನ್ನು ದೂರಿದಳೋ, ಸುಮ್ಮನೆ ದಿನ ಎಣಿಸಿದಳೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಕಿಮೋ ಮುಗಿದು ಕೂದಲು ಮತ್ತೆ ಬಂದಿದೆ. ಎಡಗೈಯಲ್ಲಿ ಭಾರ ಎತ್ತಬಾರದು ಎಂದಿದ್ದಾರೆ, ಅನ್ನದ ಡಬರಿಯನ್ನು ಜೊತೆಯಾಕೆ ಇಳಿಸುತ್ತಾಳೆ. ಈಕೆ ಸಾಂಬಾರಿಗೆ ಒಗ್ಗರಣೆ ಹಾಕುತ್ತಾಳೆ.

2025ರ ಆಗಸ್ಟಿನಲ್ಲಿ ನನ್ನದು ಮತ್ತೊಂದು ಸಲ ನೋಡಿಸುವುದಿತ್ತು. ಚೀಟಿಯಲ್ಲಿ 'ಮೊಲೆಯ ಪರೀಕ್ಷೆಗಾಗಿ ಎರಡು ದಿನ' ಎಂದು ಬರೆದುಕೊಟ್ಟೆ. ಈಗಿನ ಹೆಡ್‌ಮಾಸ್ತರರು ಚಿಕ್ಕ ವಯಸ್ಸಿನವರು. ಓದಿ, ನನ್ನ ಮುಖ ನೋಡದೆ ಸಹಿ ಮಾಡಿ ಗುಮಾಸ್ತರಿಗೆ ಕಳಿಸಿದರು. ಗುಮಾಸ್ತರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. "ಅಕ್ಕೋರ, ರಜಿಸ್ಟರಿನ್ಯಾಗ ವೈದ್ಯಕೀಯ ಅಂತ ಬರೀಲ್ರಿ?" ಎಂದರು. ಬಸ್ಸಿಗೆ ಹೊತ್ತಾಗಿತ್ತು. ಬರೀರಿ ಎಂದು ಹೇಳಿ ಬಂದೆ.